ಅಪ್ಪನ ‘ಬ್ಯಾಡ’ ಯಾರ ಮಾತು?

ತಮ್ಮನ ಮಗ ಎರಡು ದಿನದಿಂದ ಉಂಡಿಲ್ಲ ಅಂತ ಊರಿಂದ ಫೋನ್ ಬಂತು. ಕಾಯಿಲೆಯೇನೋ ಅಂದುಕೊಂಡೆ. ಕಾಯಿಲೆ ಅಲ್ಲ, ಗಾಡಿ. ಮೋಟಾರ್ ಸೈಕಲ್ ಕೊಡಿಸೋ ತನಕ ಅನ್ನ ಮುಟ್ಟಲ್ಲ ಅಂತ ಕೂತಿದ್ದಾನೆ. ‘ನೀನೇ ಬಂದು ಬುದ್ಧಿ ಹೇಳಣ್ಣ, ಮೇಷ್ಟ್ರು ನೀನು, ನಿನ್ ಮಾತು ಕೇಳ್ತನೆ’ ಎಂದ ತಮ್ಮ. ಅವನ ಮಾತು ಮುಗಿಯುವುದರೊಳಗೆ ಹುಡುಗ ಫೋನ್ ಕಿತ್ತುಕೊಂಡು, ‘ದೊಡ್ಡಪ್ಪ, ಸಭೇಲೆಲ್ಲ ಸ್ವಾಭಿಮಾನ ಸ್ವಾಭಿಮಾನ ಅಂತೀಯಲ್ಲ, ಒಂದ್ಸಲ ಬಂದು ನಮ್ಮಪ್ಪಂಗೂ ಹೇಳು’ ಎಂದ. ಇಬ್ಬರೂ ನನ್ನನ್ನೇ ತಮ್ಮ ತಮ್ಮ ಕಡೆಯ ಸಾಕ್ಷಿಗೆ ಕರೆದಿದ್ದರು. ಮಾರನೇ ದಿನ ಶನಿವಾರ. ಮಧ್ಯಾಹ್ನದ ಬಸ್ಸಿಗೆ ಹೊರಟೆ.

ಭೂಮಿಯ ಪ್ರಶ್ನೆ ಇದೆ, ಕೂಲಿಯ ಪ್ರಶ್ನೆ ಇದೆ, ಹಾಸ್ಟೆಲಿನ ಪ್ರಶ್ನೆ ಇದೆ, ಹದಿನೇಳರ ಹುಡುಗನೊಬ್ಬ ಬೈಕಿಗೆ ಹಟ ಹಿಡಿದ ಕಥೆಗೆ ಪುಟ ಯಾಕೆ ಎಂದು ಕೇಳುವ ಗೆಳೆಯರಿದ್ದಾರೆ. ನಾನೂ ಬಸ್ಸಿನಲ್ಲಿ ಕೂತಾಗ ಹಾಗೇ ಅಂದುಕೊಂಡಿದ್ದೆ. ಎರಡು ಒಳ್ಳೆ ಮಾತು ಹೇಳಿ, ತಲೆ ನೇವರಿಸಿ, ಉಣ್ಣಿಸಿ ಬಂದರಾಯಿತು ಎಂದು. ಆದರೆ ಆ ರಾತ್ರಿ ಆ ಮನೆಯ ಜಗಲಿಯಲ್ಲಿ ನಡೆದ ಮಾತು ನನ್ನನ್ನು ಬಿಟ್ಟಿಲ್ಲ. ಮಗ ಅಪ್ಪನನ್ನು ಒಪ್ಪಿಸುವುದು ಅಂದರೇನು, ಅಪ್ಪ ಬೇಡ ಅನ್ನುವಾಗ ಅವನ ಬಾಯಲ್ಲಿ ಮಾತಾಡುತ್ತಿರುವುದು ಯಾರು? ಇದು ನಮ್ಮ ಚಳವಳಿ ಕೇಳಿಕೊಳ್ಳಬೇಕಾದ ಪ್ರಶ್ನೆಯೇ.

ಮೊದಲು ಹುಡುಗನ ವಾದ. ಅವನು ಪಿ.ಯು.ಸಿ. ಮುಗಿಸಿ ಡಿಗ್ರಿಗೆ ಸೇರಿದ್ದಾನೆ. ಕಾಲೇಜು ಹದಿನಾರು ಕಿಲೋಮೀಟರು. ಬೆಳಿಗ್ಗೆ ಏಳೂವರೆಗೆ ಒಂದು ಬಸ್ಸು, ಅದು ತಪ್ಪಿದರೆ ಕ್ಲಾಸು ತಪ್ಪಿತು. ಸಂಜೆ ಆರಕ್ಕೆ ಇನ್ನೊಂದು, ಅಲ್ಲಿಯ ತನಕ ಬಸ್ ಸ್ಟ್ಯಾಂಡಿನಲ್ಲಿ ಕೂರಬೇಕು. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಕಾಲಿಡಲು ಜಾಗವಿಲ್ಲ ಎಂದು ಗೊಣಗಿದ. ‘ಅವ್ರೂ ವಸಿ ಊರು ನೋಡ್ಲಿ ಬುಡ್ಲಾ’ ಎಂದು ಒಳಗಿನಿಂದಲೇ ನಮ್ಮವ್ವ ಅವನ ಬಾಯಿ ಮುಚ್ಚಿಸಿದಳು. ಗಾಡಿ ಇದ್ದರೆ ಸಂಜೆ ಪೇಟೆಯ ಮೆಡಿಕಲ್ ಸ್ಟೋರಿನಲ್ಲಿ ಎರಡು ಗಂಟೆ ಕೆಲಸ ಮಾಡಬಹುದು. ಅಜ್ಜಿಯನ್ನು ತಾಲ್ಲೂಕು ಆಸ್ಪತ್ರೆಗೆ ಕರಕೊಂಡು ಹೋಗಬಹುದು. ಹಸುವಿಗೆ ಹುಲ್ಲು ತರಬಹುದು. ಹೀಗೆ ವಕೀಲರ ಹಾಗೆ ಒಂದೊಂದೇ ಇಟ್ಟ. ಒಂದೂ ಸುಳ್ಳಲ್ಲ.

ಊಟಕ್ಕೆ ಮುಂಚೆ ಕೆರೆ ಕಡೆ ಹೋಗಿ ಬರೋಣ ಬಾ ಅಂತ ಅವನನ್ನು ಹೊರಡಿಸಿದೆ. ಏರಿ ಮೇಲೆ ಕೂತು ಕೇಳಿದೆ: ‘ಅಜ್ಜಿ ಆಸ್ಪತ್ರೆ, ಹಸೂನ ಹುಲ್ಲು ಎಲ್ಲ ಸರಿ ಕಣೋ. ನಿಂಗೆ ಯಾಕ್ ಬೇಕು ಅದನ್ನ ಹೇಳು.’ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, ‘ನಂಗೆ ಓಡುಸ್ಬೇಕು ಅನ್ನುಸ್ತದೆ ದೊಡ್ಡಪ್ಪ, ಅಷ್ಟೇಯ. ಮಕ್ಕೆ ಗಾಳಿ ಹೊಡೀತಾ ಇರ್ಬೇಕು. ಅಂಗೇ ಹೋಯ್ತಾ ಇರ್ಬೇಕು’ ಎಂದ. ಹೇಳಿದವನೇ ಕಳ್ಳತನ ಒಪ್ಪಿಕೊಂಡವನ ಹಾಗೆ ತಲೆ ತಗ್ಗಿಸಿದ.

ಇಲ್ಲಿ ಸ್ವಲ್ಪ ನಿಲ್ಲಬೇಕು ಗೆಳೆಯರೇ. ಪೇಟೆಯ ಮನೆಗಳಲ್ಲಿ ಮಗನಿಗೆ ಹುಟ್ಟಿದ ಹಬ್ಬಕ್ಕೆ ಬೈಕು ಬರುತ್ತದೆ. ಅದಕ್ಕೆ ಕಾರಣ ಬೇಕಿಲ್ಲ, ಅವನ ಆಸೆಯೇ ಸಾಕು. ನಮ್ಮ ಕೇರಿಯ ಹುಡುಗ ಗಾಡಿ ಕೇಳಬೇಕಾದರೆ ಅಜ್ಜಿಯ ಕಾಯಿಲೆಯನ್ನು ಮುಂದಿಡಬೇಕು. ಕೂಲಿಯವನ ಮಗ ಕೇಳುವುದೆಲ್ಲ ಅಗತ್ಯವೇ ಆಗಿರಬೇಕು, ಆಸೆಯಾದರೆ ಅದು ಅಪರಾಧ. ಈ ನಿಯಮ ಮಾಡಿದವರು ಯಾರು? ಜೀತಕ್ಕಿದ್ದವನಿಗೆ ವರ್ಷಕ್ಕೊಂದು ಪಂಚೆ, ಒಂದು ಕಂಬಳಿ ಕೊಟ್ಟು ‘ಇನ್ನೇನು ಬೇಕು ನಿಂಗೆ’ ಎಂದು ಕೇಳುತ್ತಿದ್ದ ಧಣಿಯ ಪ್ರಶ್ನೆಯನ್ನೇ ನಮ್ಮ ತಾಯಿ ತಂದೆಗಳು ಮಕ್ಕಳಿಗೆ ಕೇಳುತ್ತಿದ್ದಾರೆ. ಅವರಿಗೆ ಅದು ಗೊತ್ತಿಲ್ಲ. ಮೇಷ್ಟ್ರಾದ ನಾನೂ ಕೇಳಿದ್ದೇನೆ, ಹಾಸ್ಟೆಲಿನ ಹುಡುಗರಿಗೆ, ಬಣ್ಣದ ಶರ್ಟು ಹಾಕಿಕೊಂಡು ಬಂದಾಗ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಆದರೆ ಅವನ ಉಪವಾಸವನ್ನು ನಾನು ಒಪ್ಪಲಿಲ್ಲ. ಅವನಿಗೆ ಹೇಳಿದೆ: ಅನ್ನ ಬಿಟ್ಟು ಕೂರೋದು ವಾದ ಅಲ್ಲ. ನಿಮ್ಮವ್ವ ಎರಡು ದಿನದಿಂದ ನೀನು ಉಂಡಿಲ್ಲ ಅಂತ ತಾನೂ ಉಂಡಿಲ್ಲ. ಅವಳು ಹೂಂ ಅಂದರೆ ಅದು ನಿನ್ನ ಮಾತು ಸರಿ ಅಂತ ಅಲ್ಲ, ನೀನು ಸತ್ತುಹೋದೀಯ ಅಂತ. 1932ರ ಸೆಪ್ಟೆಂಬರಿನಲ್ಲಿ ಯರವಡಾ ಜೈಲಿನಲ್ಲಿ ಗಾಂಧೀಜಿ ಉಪವಾಸ ಕೂತರು. ಬಾಬಾಸಾಹೇಬರು ವಾದ ಮಾಡಿ ಪಡೆದಿದ್ದ ಪ್ರತ್ಯೇಕ ಮತಕ್ಷೇತ್ರವನ್ನು ಆ ಒಂದು ಜೀವದ ತೂಕ ತೆಗೆದುಕೊಂಡು ಹೋಯಿತು. ಸೆಪ್ಟೆಂಬರ್ 24ಕ್ಕೆ ಪೂನಾ ಒಪ್ಪಂದಕ್ಕೆ ಸಹಿ ಬಿತ್ತು. ಅಂಬೇಡ್ಕರ್ ಅಂದು ವಾದದಲ್ಲಿ ಸೋಲಲಿಲ್ಲ, ವಾದಕ್ಕೆ ಜಾಗವೇ ಉಳಿಯಲಿಲ್ಲ. ಅದರ ನೋವು ತಿಳಿದ ನಾವು ನಮ್ಮ ನಮ್ಮ ಮನೆಯೊಳಗೆ ಅದೇ ಆಯುಧ ಹಿಡಿಯುವುದೇ? ಹೋಲಿಕೆ ಅತಿಯಾಯಿತು ಎಂದು ನೀವು ಅನ್ನಬಹುದು. ಹುಡುಗನೂ ಅಂದ. ಆದರೂ ಆ ರಾತ್ರಿ ಎರಡು ಮುದ್ದೆ ಉಂಡ.

ಉಂಡ ಮೇಲೆ ಜಗಲಿಯಲ್ಲಿ ಮಾತು ಶುರುವಾಯಿತು.

ಅವನ ಅವ್ವನ ಭಯಕ್ಕೆ ಹೆಸರಿದೆ, ಮುಖವಿದೆ. ಅವಳ ಅಕ್ಕನ ಮಗ ಹೈವೇಯಲ್ಲಿ ಸತ್ತ. ಒಂದೇ ಗಾಡಿಯಲ್ಲಿ ಮೂವರು, ಯಾರ ತಲೆಯ ಮೇಲೂ ಹೆಲ್ಮೆಟ್ ಇಲ್ಲ, ಹಬ್ಬದ ರಾತ್ರಿ. ಹೆಣದ ಮುಖ ನೋಡಬೇಡಿ ಅಂದರೂ ಅವಳು ನೋಡಿದಳು. ‘ಗಾಡಿ ಅಂದೇಟ್ಗೆ ನಂಗೆ ಆ ಮಕನೇ ಕಾಣ್ತದೆ ಬಾವ’ ಎಂದಳು. ಇದಕ್ಕೆ ಏನು ಉತ್ತರ ಕೊಡುವಿರಿ? ಕೇಂದ್ರ ಸರ್ಕಾರದ ಲೆಕ್ಕವೇ ಹೇಳುವಂತೆ 2022ರಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಜನ ದ್ವಿಚಕ್ರ ವಾಹನದವರು. ಹೆಲ್ಮೆಟ್ ಇಲ್ಲದೆ ಸತ್ತವರೇ ಐವತ್ತು ಸಾವಿರ. ಹದಿನೆಂಟು ತುಂಬದ ಮಕ್ಕಳು ಒಂಬತ್ತೂವರೆ ಸಾವಿರ. ಒಂದು ಯುದ್ಧದಲ್ಲಿ ಇಷ್ಟು ಜನ ಸತ್ತಿದ್ದರೆ ಊರೂರಿಗೆ ಕಲ್ಲು ನೆಡುತ್ತಿದ್ದರು. ಅವ್ವನ ಭಯವನ್ನು ಹೆಂಗಸರ ಪುಕ್ಕಲುತನ ಎಂದು ತಳ್ಳಿಹಾಕುವವನು ಈ ಲೆಕ್ಕ ಓದಿಲ್ಲ.

ಇನ್ನು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಗೇರಿಲ್ಲದ, 50 ಸಿ.ಸಿ. ಮೀರದ ಗಾಡಿಗೆ ಹದಿನಾರು ಸಾಕು. ಮಿಕ್ಕ ಮೋಟಾರ್ ಸೈಕಲ್ಲಿಗೆ ಹದಿನೆಂಟು ತುಂಬಲೇಬೇಕು. 2019ರ ತಿದ್ದುಪಡಿ ಬಂದ ಮೇಲೆ ವಯಸ್ಸು ತುಂಬದ ಮಗ ಗಾಡಿ ಓಡಿಸಿ ಅಪರಾಧವಾದರೆ ಅಪ್ಪನಿಗೆ ಅಥವಾ ಗಾಡಿಯ ಒಡೆಯನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಆ ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಇಲ್ಲ. ಹುಡುಗನಿಗೆ ಇದು ಗೊತ್ತಿರಲಿಲ್ಲ. ‘ಎಲ್ರೂ ಓಡುಸ್ತಾರಲ್ಲ’ ಎಂದ. ಎಲ್ಲರೂ ಓಡಿಸುತ್ತಾರೆ, ನಿಜ. ಸಿಕ್ಕಿಬಿದ್ದ ದಿನ ಸ್ಟೇಷನ್ನಿಗೆ ಫೋನ್ ಮಾಡಿಸುವ ಶಕ್ತಿ ಯಾರ ಅಪ್ಪನಿಗೆ ಇದೆ, ಯಾರ ಅಪ್ಪನಿಗೆ ಇಲ್ಲ ಎಂಬುದನ್ನೂ ಲೆಕ್ಕ ಹಾಕಬೇಕಲ್ಲ.

ದುಡ್ಡಿನ ಮಾತೂ ಬಂತು. ಹೊಸ ಗಾಡಿ, ಇನ್ಶೂರೆನ್ಸು, ನೋಂದಣಿ ಎಲ್ಲ ಸೇರಿದರೆ ತೊಂಬತ್ತು ಸಾವಿರಕ್ಕೆ ಕಡಿಮೆಯಿಲ್ಲ. ನನ್ನ ತಮ್ಮನಿಗೆ ಗಾರೆ ಕೆಲಸಕ್ಕೆ ದಿನಕ್ಕೆ ಐನೂರು. ಅಂದರೆ ನೂರೆಂಬತ್ತು ಆಳು. ಅವನ ಹೆಂಡತಿಗೆ ಕಳೆ ಕೀಳಲು ಮುನ್ನೂರು, ಅವಳ ಲೆಕ್ಕದಲ್ಲಿ ಮುನ್ನೂರು ಆಳು. ಕಂತಿನ ಮೇಲೆ ತಗೊಂಡರೆ ಇನ್ನೂ ಜಾಸ್ತಿ. ಬೆರಳು ಮಡಿಸಿ ಈ ಲೆಕ್ಕ ಹೇಳಿದವಳು ಅವ್ವನೇ. ಸಂಘದ ಸಾಲ ತೀರಿಸುವವಳು ಅವಳು, ವಾರಕ್ಕೊಮ್ಮೆ ಸಂಘದಲ್ಲಿ ನೆಲದ ಮೇಲೆ ಕೂತು ಮುಖ ತೋರಿಸಬೇಕಾದವಳು ಅವಳು. ಹುಡುಗ ಇದಕ್ಕೆ ಬಾಯಿ ತೆರೆಯಲಿಲ್ಲ. ಅವನ ವಾದದಲ್ಲಿ ಅಜ್ಜಿ ಇದ್ದಳು, ಹಸು ಇತ್ತು, ಅವ್ವನ ಮುನ್ನೂರು ದಿನ ಇರಲಿಲ್ಲ.

ಇಷ್ಟರವರೆಗೆ ಎಲ್ಲ ಅಪ್ಪ ಅವ್ವಂದಿರ ಹಾಗೇ. ಮಂಗಳೂರಿನ ಬ್ಯಾಂಕ್ ಮ್ಯಾನೇಜರ ಮನೆಯಲ್ಲೂ ಇದೇ ಮಾತು ನಡೆದೀತು, ಹೆಚ್ಚು ಕಡಿಮೆ. ಆದರೆ ನನ್ನ ತಮ್ಮ ಇದರಲ್ಲಿ ಒಂದು ಮಾತನ್ನೂ ಆಡಿರಲಿಲ್ಲ. ಬೀಡಿ ಹಚ್ಚಿಕೊಂಡು ಕೂತಿದ್ದ. ಎಲ್ಲರೂ ಸುಸ್ತಾದ ಮೇಲೆ ನಿಧಾನಕ್ಕೆ ಅಂದ: ‘ಕೊಡ್ಸನ ಬುಡು. ಹದ್ನೆಂಟು ತುಂಬ್ಲಿ, ಹಳೇದೋ ಗಿಳೇದೋ ಒಂದ ನೋಡನ. ಆದ್ರೆ ಒಂದು ಮಾತು. ಮನೆಯಿಂದ ಕೆರೆ ಏರಿ ತಂಕ ತಳ್ಕೊಂಡು ಹೋಗ್ಬೇಕು. ಏರಿ ಮ್ಯಾಲಿಂದ ಸುತ್ತಾಕೊಂಡು ಟಾರ್ ರೋಡ್ಗೆ ಹತ್ಬೇಕು. ಬರೋವಾಗ್ಲೂ ಅಂಗೇಯ.’

ಊರು ಗೊತ್ತಿಲ್ಲದವರಿಗೆ ಈ ಮಾತು ಅರ್ಥವಾಗುವುದಿಲ್ಲ. ನಮ್ಮ ಕೇರಿ ಊರಿನ ಹಿಂದಿದೆ. ಟಾರ್ ರಸ್ತೆಗೆ ಹೋಗಬೇಕಾದರೆ ಊರ ನಡುಬೀದಿಯಲ್ಲಿ, ಅರಳಿಕಟ್ಟೆಯ ಮುಂದೆ, ಪಟೇಲರ ಮನೆ ಬಾಗಿಲ ಮುಂದೆ ಹಾಯಬೇಕು. ಕೆರೆ ಏರಿಯ ಮೇಲಿಂದ ಸುತ್ತಿದರೆ ಒಂದೂವರೆ ಕಿಲೋಮೀಟರು ದೂರ, ಅರ್ಧ ದಾರಿ ಗುಂಡಿ.

ಹುಡುಗ ಎದ್ದು ನಿಂತ. ‘ತಳ್ಕೊಂಡು ಹೋಗೋಕೆ ಗಾಡಿ ಯಾಕಪ್ಪ? ಕತ್ತೆ ತಗೊಡು’ ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ನಾನು ಏನೂ ಹೇಳಲಿಲ್ಲ. ನನಗೆ ನಮ್ಮಪ್ಪ ನೆನಪಾಗಿದ್ದ.

ನಮ್ಮಪ್ಪನ ಹತ್ತಿರ ಒಂದು ಸೈಕಲ್ ಇತ್ತು. ನಾನು ಏಳೆಂಟು ವರ್ಷದವನು, ಹಿಂದಿನ ಕ್ಯಾರಿಯರ್ ಮೇಲೆ ಕೂರುತ್ತಿದ್ದೆ. ಸಂತೆಗೆ ಹೋಗುವಾಗ ಅರಳಿಕಟ್ಟೆ ಹತ್ತಿರ ಬಂದ ಕೂಡಲೇ ಅಪ್ಪ ಇಳಿಯುತ್ತಿದ್ದ. ‘ಚೈನು ಕಳಚ್ಕೊಂಡದೆ, ಇಳಿ ಮಗ’ ಎನ್ನುತ್ತಿದ್ದ. ಬಗ್ಗಿ ಚೈನು ಮುಟ್ಟಿ ನೋಡಿ, ತಲೆಯ ಟವಲ್ಲನ್ನು ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡು, ಸೈಕಲ್ ತಳ್ಳುತ್ತಾ ನಡೆಯುತ್ತಿದ್ದ. ಬೀದಿ ದಾಟಿದ ಮೇಲೆ ಚೈನು ಸರಿಹೋಗುತ್ತಿತ್ತು. ವಾಪಸು ಬರುವಾಗಲೂ ಅದೇ ಜಾಗದಲ್ಲಿ ಕಳಚಿಕೊಳ್ಳುತ್ತಿತ್ತು. ನಮ್ಮ ಸೈಕಲ್ಲಿಗೆ ಆ ಜಾಗದಲ್ಲಿ ಏನೋ ದೋಷವಿದೆ ಎಂದು ನಾನು ಬಹಳ ಕಾಲ ನಂಬಿದ್ದೆ. ಹದಿಮೂರನೇ ವಯಸ್ಸಿಗೆ ನಾನೇ ಸೈಕಲ್ ಕಲಿತು ಒಬ್ಬನೇ ಹೊರಟ ದಿನ ಅಪ್ಪ ನನ್ನನ್ನು ಕೂರಿಸಿಕೊಂಡು ಹೇಳಿದ, ಕಟ್ಟೆ ಹತ್ತಿರ ಇಳಿಬೇಕು ಅಂತ. ಆಗ ಗೊತ್ತಾಯಿತು. ಅಷ್ಟು ವರ್ಷ ಅವನು ಆ ಸುಳ್ಳು ಹೇಳಿದ್ದು ಕಟ್ಟೆಯವರ ಭಯಕ್ಕಲ್ಲ, ಮಗನ ಕಣ್ಣಲ್ಲಿ ಸಣ್ಣವನಾಗಬಾರದು ಅಂತ.

ನನ್ನ ಕಥೆ ಇದಕ್ಕಿಂತ ಮೇಲೇನಲ್ಲ. ನಮ್ಮೂರಿಗೆ ಬಂದ ಮೊದಲ ಮೋಟಾರ್ ಸೈಕಲ್ ಪಟೇಲರ ಮನೆಯ ಹುಡುಗನದು, ಯೆಜ್ಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಗಾಡಿ ಅದು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಭಾನುವಾರ ಭಾನುವಾರ ಕೇರಿ ಹುಡುಗರು ಅದನ್ನು ಕೆರೆಗೆ ತಳ್ಳಿಕೊಂಡು ಹೋಗಿ ತೊಳೆಯಬೇಕಿತ್ತು. ನಾನೂ ತೊಳೆದಿದ್ದೇನೆ. ಹ್ಯಾಂಡಲ್ಲು, ಸೀಟು, ಟ್ಯಾಂಕು ಎಲ್ಲ ಮುಟ್ಟಿ ಉಜ್ಜಿದ್ದೇನೆ. ತೊಳೆಯುವಾಗ ಮೈಲಿಗೆ ಇರಲಿಲ್ಲ. ಹತ್ತಿ ಕೂತ ಒಬ್ಬನಿಗೆ ಮಾತ್ರ ಬೆನ್ನ ಮೇಲೆ ಬಾಸುಂಡೆ ಬಂತು. ಆಮೇಲೆ ನಾನು ಮೇಷ್ಟ್ರಾದೆ, ಸಾಲ ಮಾಡಿ ಟಿವಿಎಸ್ ಫಿಫ್ಟಿ ಕೊಂಡೆ. ಸಂಘಟನೆಯಲ್ಲಿ ಭಾಷಣ ಮಾಡುವ ಹೊತ್ತಿಗೆ ನನಗೆ ಗಾಡಿ ಇತ್ತು. ಊರಿಗೆ ಹೋದಾಗ ಅದನ್ನು ಟಾರ್ ರಸ್ತೆಯ ಟೀ ಅಂಗಡಿ ಹತ್ತಿರ ನಿಲ್ಲಿಸಿ ನಡೆದುಕೊಂಡು ಹೋಗುತ್ತಿದ್ದೆ. ಬೀದಿಯಲ್ಲಿ ಕಲ್ಲು ಜಾಸ್ತಿ, ಟೈರು ಹಾಳಾಗುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅಪ್ಪನ ಚೈನಿಗೂ ನನ್ನ ಟೈರಿಗೂ ಏನು ವ್ಯತ್ಯಾಸ?

ಈಗ ಕಾಲ ಬದಲಾಗಿದೆಯಲ್ಲ ಎನ್ನುತ್ತೀರಿ. ಬದಲಾಗಿದೆ. ಇಳಿಯೋ ಎಂದು ಬಾಯಿಬಿಟ್ಟು ಹೇಳುವವರು ಈಗ ನಮ್ಮೂರಲ್ಲಿ ಇಲ್ಲ. ಕೇರಿಯಲ್ಲೂ ಎರಡು ಮೊಪೆಡ್ ಇವೆ. ಅವು ದಿನಾ ನಡುಬೀದಿಯಲ್ಲೇ ಹೋಗುತ್ತವೆ, ಯಾರೂ ಏನೂ ಅನ್ನುವುದಿಲ್ಲ. ಆದರೆ ಹುಷಾರಾಗಿ ನೋಡಿ: ಅವುಗಳ ಮೇಲೆ ಸದಾ ಹುಲ್ಲಿನ ಹೊರೆ ಇರುತ್ತದೆ, ಇಲ್ಲ ಸಿಮೆಂಟಿನ ಚೀಲ ಇರುತ್ತದೆ. ಹೊರೆ ಹೊತ್ತ ಗಾಡಿಗೆ ಬೀದಿ ದಾರಿ ಬಿಡುತ್ತದೆ. ಮೊದಲು ತಲೆಯ ಮೇಲೆ ಹೊರುತ್ತಿದ್ದರು, ಈಗ ಚಕ್ರದ ಮೇಲೆ ಹೊರುತ್ತಾರೆ, ಅಷ್ಟೇ. ಎರಡು ವರ್ಷದ ಹಿಂದೆ ಕೇರಿಗೆ ನೆಂಟನಾಗಿ ಬಂದ ಒಬ್ಬ ಹುಡುಗ ಹೊರೆಯಿಲ್ಲದೆ, ಕನ್ನಡಕ ಹಾಕಿಕೊಂಡು, ಕಟ್ಟೆ ಹತ್ತಿರ ಹಾರನ್ ಹೊಡೆದ. ನಿಲ್ಲಿಸಿ ‘ಯಾರ ಪೈಕಿ ನೀನು’ ಎಂದು ಕೇಳಿದರು. ಗಾಡಿಯ ಕೀ ಕಿತ್ತುಕೊಂಡರು. ಸಂಜೆ ಅವನ ಸೋದರಮಾವ ಹೋಗಿ ಕೈಮುಗಿದು ಕೀ ತಂದ. ಹೊಡೆಯಲಿಲ್ಲ, ಬಡಿಯಲಿಲ್ಲ, ಕೇಸಾಗಲಿಲ್ಲ. ಇಂಥದ್ದು ಪೇಪರಿನಲ್ಲಿ ಬರುವುದಿಲ್ಲ. ನನ್ನ ತಮ್ಮ ಮಾತ್ರ ಅದನ್ನು ನೋಡುತ್ತಾ ನಿಂತಿದ್ದ.

ಅಂದರೆ ತಮ್ಮನ ಮನೆಯಲ್ಲಿ ಇದ್ದದ್ದು ಎರಡು ಭಯ. ಒಂದು ರಸ್ತೆಯದು, ಒಂದು ಬೀದಿಯದು. ಎರಡೂ ‘ಬ್ಯಾಡ’ ಎಂಬ ಒಂದೇ ಮಾತಿನಲ್ಲಿ ಹೊರಗೆ ಬರುತ್ತವೆ, ಅದಕ್ಕೇ ಮಗನಿಗೆ ಬೇರೆ ಬೇರೆಯಾಗಿ ಕೇಳಿಸುವುದಿಲ್ಲ. ರಸ್ತೆಯ ಭಯಕ್ಕೆ ಮಗ ಉತ್ತರ ಕೊಡಲೇಬೇಕು. ವಯಸ್ಸು ತುಂಬುವವರೆಗೆ ಕಾಯಬೇಕು, ಲೈಸೆನ್ಸ್ ಮಾಡಿಸಬೇಕು, ಹೆಲ್ಮೆಟ್ ಹಾಕಬೇಕು, ಕಂತು ಯಾರು ಕಟ್ಟುವುದು ಅಂತ ಹೇಳಬೇಕು. ಬೀದಿಯ ಭಯಕ್ಕೆ ಉತ್ತರ ಕೊಡಬೇಕಾದವನು ಆ ಹುಡುಗನಲ್ಲ. ಅಲ್ಲಿ ಬಾಯಿ ಮಾತ್ರ ಅಪ್ಪನದು, ಮಾತು ಕಟ್ಟೆಯದು. ಹಾಗಂತ ಅಪ್ಪನನ್ನು ಗುಲಾಮ ಎಂದು ಬಯ್ಯುವ ನಮ್ಮ ಯುವ ಗೆಳೆಯರಿಗೆ ಒಂದು ಮಾತು: ಆ ಭಯ ಅವನಿಗೆ ಹೇಡಿತನದಿಂದ ಬಂದದ್ದಲ್ಲ. ಅದು ಮಕ್ಕಳನ್ನು ಬದುಕಿಸಿಕೊಳ್ಳಲು ಅವನು ಕಲಿತ ವಿದ್ಯೆ. ಆ ವಿದ್ಯೆ ಇಲ್ಲದಿದ್ದರೆ ನಾವು ಭಾಷಣ ಮಾಡಲು ಉಳಿಯುತ್ತಿರಲಿಲ್ಲ.

ಸವಾರಿಗೂ ಜಾತಿಗೂ ಇರುವ ಜಗಳ ಇಂದಿನದಲ್ಲ. 1893ರಲ್ಲಿ ತಿರುವಾಂಕೂರಿನ ವೆಂಗಾನೂರಿನಲ್ಲಿ ಪುಲಯ ಜಾತಿಯ ಅಯ್ಯನ್‌ಕಾಳಿ ಒಂದು ವಿಲ್ಲುವಂಡಿ, ಅಂದರೆ ಎತ್ತಿನ ಸವಾರಿ ಗಾಡಿ ಕೊಂಡ. ಬಿಳಿ ಬಟ್ಟೆ ಉಟ್ಟು, ರುಮಾಲು ಸುತ್ತಿ, ತಮ್ಮವರು ಕಾಲಿಡಬಾರದ ಸಾರ್ವಜನಿಕ ದಾರಿಯಲ್ಲಿ ಗಾಡಿ ಹೊಡೆದುಕೊಂಡು ಹೋದ. ಅಡ್ಡ ಬಂದವರನ್ನು ಎದುರಿಸಿದ. ಅವನು ಕೊಂಡದ್ದು ಹೊರೆ ಸಾಗಿಸುವ ಬಂಡಿಯಲ್ಲ, ಕೂತು ಹೋಗುವ ಬಂಡಿ. ಅದು ಗಮನಿಸಬೇಕಾದ ವಿಷಯ.

2015ರಲ್ಲಿ ದೌರ್ಜನ್ಯ ತಡೆ ಕಾಯ್ದೆಗೆ ತಿದ್ದುಪಡಿ ಬಂತು, 2016ರ ಜನವರಿ 26ರಿಂದ ಜಾರಿಗೆ ಬಂತು. ಅದರಲ್ಲಿ ಮೂರನೇ ಕಲಮಿಗೆ ಸೇರಿಸಿದ ಅಪರಾಧಗಳನ್ನು ಓದಿ ನೋಡಿ. ಪರಿಶಿಷ್ಟ ಜಾತಿ, ಪಂಗಡದವರು ಸಾರ್ವಜನಿಕ ಜಾಗದಲ್ಲಿ ಸೈಕಲ್ ಅಥವಾ ಮೋಟಾರ್ ಸೈಕಲ್ ಹತ್ತುವುದನ್ನು, ಚಪ್ಪಲಿ ಮೆಟ್ಟುವುದನ್ನು, ಹೊಸ ಬಟ್ಟೆ ಹಾಕುವುದನ್ನು, ಮದುವೆ ಮೆರವಣಿಗೆಯಲ್ಲಿ ಕುದುರೆ ಏರುವುದನ್ನು ಅಡ್ಡಿಪಡಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆ. ಸ್ವಾತಂತ್ರ್ಯ ಬಂದು 68 ವರ್ಷವಾದ ಮೇಲೆ ಒಂದು ದೇಶದ ಪಾರ್ಲಿಮೆಂಟು ಕೂತು ಕಾನೂನಿನಲ್ಲಿ ಸೈಕಲ್ ಎಂದು, ಮೋಟಾರ್ ಸೈಕಲ್ ಎಂದು ಹೆಸರು ಹಿಡಿದು ಬರೆಯಬೇಕಾಯಿತು. ಅಪ್ಪನ ಕಳಚಿದ ಚೈನು ಪಾರ್ಲಿಮೆಂಟಿನವರೆಗೆ ಹೋಗಿದೆ. ನಾನು ಈ ಕಲಮನ್ನು ಜಗಲಿಯಲ್ಲಿ ಓದಿ ಹೇಳಿದೆ. ತಮ್ಮ ಕೇಳಿಸಿಕೊಂಡು, ‘ಕಾನೂನು ತಾಲ್ಲೂಕಾಪೀಸಲ್ಲಿ ಇರ್ತದೆ ಕಣಣ್ಣ. ಕಟ್ಟೆ ನಮ್ಮೂರಲ್ಲೇ ಅದೆ’ ಎಂದ.

ಅವನ ಮಾತು ತೆಗೆದುಹಾಕುವಂಥದಲ್ಲ. 2025ರ ಫೆಬ್ರವರಿಯಲ್ಲಿ ತಮಿಳುನಾಡಿನ ಶಿವಗಂಗಾ ಜಿಲ್ಲೆಯಲ್ಲಿ ಬುಲೆಟ್ ಓಡಿಸಿದ ಎಂಬ ಕಾರಣಕ್ಕೆ ಕಾಲೇಜು ಓದುವ ದಲಿತ ಹುಡುಗನೊಬ್ಬನ ಕೈಗಳಿಗೆ ಕತ್ತಿ ಹಾಕಿದರು ಎಂದು ಮನೆಯವರು ದೂರು ಕೊಟ್ಟರು. ಮೂವರನ್ನು ಬಂಧಿಸಿದರು. ಕಾನೂನು ಜಾರಿಯಾಗಿ ಒಂಬತ್ತು ವರ್ಷವಾಗಿತ್ತು. ತಮ್ಮ ಪೇಪರ್ ಓದುವುದಿಲ್ಲ. ಆದರೆ ಈ ಸುದ್ದಿ ಅವನಿಗೆ ಗೊತ್ತಿತ್ತು, ಮೊಬೈಲಿನಲ್ಲಿ ಆ ಹುಡುಗನ ಕೈಯ ಫೋಟೋ ನೋಡಿದ್ದ.

ಈಗ ನನ್ನ ಕಷ್ಟಕ್ಕೆ ಬರುತ್ತೇನೆ. ತತ್ವದ ಪ್ರಕಾರ ನಾನು ಹುಡುಗನ ಪಕ್ಷ. ನಡುಬೀದಿಯಲ್ಲೇ ಹೋಗು, ಹಾರನ್ ಹೊಡಿ, ನೋಡೋಣ ಎನ್ನಬೇಕು. ಹೇಳುವುದು ಸುಲಭ. ನಾನು ಪಟ್ಟಣದಲ್ಲಿ ಮನೆ ಮಾಡಿದವನು, ನನ್ನ ಮಕ್ಕಳು ಗಾಡಿ ಓಡಿಸುವ ಬೀದಿಯಲ್ಲಿ ಅವರ ಜಾತಿ ಯಾರಿಗೂ ಗೊತ್ತಿಲ್ಲ. ನನ್ನ ಸ್ವಾಭಿಮಾನವನ್ನು ಪರೀಕ್ಷೆ ಮಾಡಲು ತಮ್ಮನ ಮಗನ ಎರಡು ಕೈಗಳನ್ನು ಆ ಕಟ್ಟೆ ಮುಂದೆ ಕಳಿಸುವ ಹಕ್ಕು ನನಗೆ ಎಲ್ಲಿಂದ ಬಂತು? ನಮ್ಮ ಚಳವಳಿಯಲ್ಲಿ ಇದು ಎಷ್ಟೋ ಸಲ ಆಗಿದೆ. ಸಭೆ ಮಾಡಿ, ಘೋಷಣೆ ಕೂಗಿ, ರಾತ್ರಿ ಬಸ್ಸು ಹತ್ತಿ ನಾವು ಹೊರಟುಬಂದಿದ್ದೇವೆ. ಮಾರನೆಯ ದಿನ ಬೆಳಿಗ್ಗೆ ಅಂಗಡಿಯಲ್ಲಿ ಉಪ್ಪು ಕೇಳಲು ಹೋದವರು ಕೇರಿಯವರು. ಇನ್ನೊಂದು ಕಡೆ, ತಮ್ಮನ ಷರತ್ತನ್ನು ಒಪ್ಪಿಸಿದರೆ ಮೂರನೇ ತಲೆಮಾರಿಗೂ ಚೈನು ಕಳಚಿಕೊಳ್ಳುತ್ತದೆ, ಈ ಸಲ ನನ್ನ ಸಾಕ್ಷಿ ಹಾಕಿಸಿಕೊಂಡು.

ಅಂಬೇಡ್ಕರರ ಬದುಕಿನಲ್ಲಿ ಇದೇ ಗಂಟು ಎರಡು ಸಲ ಬಂದಿದೆ. 1901ರಲ್ಲಿ, ಹತ್ತು ವರ್ಷದ ಹುಡುಗ, ಅಣ್ಣನ ಜೊತೆ ಸತಾರದಿಂದ ಕೋರೇಗಾಂವಿನಲ್ಲಿದ್ದ ಅಪ್ಪನನ್ನು ನೋಡಲು ಹೊರಟ. ಮಸೂರು ಸ್ಟೇಷನ್ನಿನಲ್ಲಿ ಇಳಿದಾಗ ಇವರು ಮಹಾರರು ಎಂದು ತಿಳಿದು ಯಾವ ಬಂಡಿಯವನೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಒಬ್ಬ ಎರಡರಷ್ಟು ಬಾಡಿಗೆಗೆ ಒಪ್ಪಿದ. ಆದರೆ ಬಂಡಿ ಹುಡುಗರೇ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ ಎಂದ. ಇದು ಮೊದಲನೆಯದು. ಎರಡನೆಯದು 1929ರಲ್ಲಿ, ಚಾಳೀಸಗಾಂವಿನಲ್ಲಿ. ಆಗ ಅವರು ಬ್ಯಾರಿಸ್ಟರು, ಸರ್ಕಾರದ ಸಮಿತಿಯ ಸದಸ್ಯರು. ಅಲ್ಲಿನ ಮಹಾರ್ ಜನ ಅವರನ್ನು ಕೇರಿಗೆ ಕರೆದೊಯ್ಯಲು ಟಾಂಗಾ ತರಿಸಿದರು. ಟಾಂಗಾದವರು ಯಾರೂ ಅಸ್ಪೃಶ್ಯನನ್ನು ಕೂರಿಸಿಕೊಂಡು ಓಡಿಸಲು ಒಪ್ಪಲಿಲ್ಲ. ನಮ್ಮ ನಾಯಕ ನಡೆದು ಬರುವುದು ಅವಮಾನ ಎಂದು, ಟಾಂಗಾ ಬಾಡಿಗೆಗೆ ತೆಗೆದುಕೊಂಡು ತಮ್ಮವನೊಬ್ಬನನ್ನೇ ಓಡಿಸಲು ಕೂರಿಸಿದರು. ಅವನು ಯಾವತ್ತೂ ಟಾಂಗಾ ಓಡಿಸಿದವನಲ್ಲ. ಗೋಡೆಯಿಲ್ಲದ ಸೇತುವೆಯ ಮೇಲೆ ಗಾಲಿ ಸಿಕ್ಕಿಕೊಂಡಿತು. ಅಂಬೇಡ್ಕರ್ ಕಲ್ಲುಹಾಸಿನ ಮೇಲೆ ಎಸೆಯಲ್ಪಟ್ಟರು, ಕಾಲು ಮುರಿಯಿತು. ಕುದುರೆ, ಗಾಡಿ ಎರಡೂ ಹೊಳೆಗೆ ಬಿದ್ದವು. ಅವರು ಮುಂದೆ ಇದನ್ನು ಬರೆಯುವಾಗ ಟಾಂಗಾದವರ ಜಾತಿ ಸೊಕ್ಕನ್ನು ಬಿಡಲಿಲ್ಲ. ಅದರ ಜೊತೆಗೇ, ತನ್ನ ಮಾನ ಉಳಿಸಲು ಹೋದ ತನ್ನವರು ತನ್ನ ಪ್ರಾಣವನ್ನೇ ಅಪಾಯಕ್ಕೆ ಒಡ್ಡಿದರು ಎಂಬುದನ್ನೂ ಮುಚ್ಚಿಡಲಿಲ್ಲ.

ನಾನು ಈ ಎರಡೂ ಕಥೆಯನ್ನು ಹುಡುಗನಿಗೆ ಹೇಳಿದೆ, ಬಾಗಿಲ ಹೊರಗೆ ನಿಂತು. ಮಾನ ದೊಡ್ಡದು, ನಿಜ. ಆದರೆ ಲಗಾಮು ಹಿಡಿಯಲು ಬಾರದ ಕೈಗೆ ಲಗಾಮು ಕೊಟ್ಟರೆ ಕಾಲು ಮುರಿಯುತ್ತದೆ, ಕುದುರೆಗೆ ಸ್ವಾಭಿಮಾನ ಗೊತ್ತಾಗುವುದಿಲ್ಲ. ಒಳಗಿನಿಂದ ಉತ್ತರ ಬರಲಿಲ್ಲ. ಉತ್ತರ ಕೊಟ್ಟವಳು ಅವನ ಅಕ್ಕ. ಗಾರ್ಮೆಂಟ್ಸಿಗೆ ಹೋಗುವ ಹುಡುಗಿ, ಐದು ಗಂಟೆಗೆ ಎದ್ದು, ಕತ್ತಲಲ್ಲಿ ಅದೇ ನಡುಬೀದಿಯಲ್ಲಿ ನಡೆದು ಫ್ಯಾಕ್ಟರಿ ವ್ಯಾನಿಗೆ ಕಾಯುತ್ತಾಳೆ. ‘ದೊಡ್ಡಪ್ಪ, ನಾನು ದಿನಾ ಆ ಕಟ್ಟೆ ಮುಂದೇನೇ ಹೋಗದು. ಏನೇನು ಅಂತಾರೆ ಅಂತ ಈ ಮನೇಲಿ ಒಬ್ರೂ ಕೇಳಿಲ್ಲ. ಒಂದು ಸ್ಕೂಟರು ಇದ್ದಿದ್ರೆ ಬಿರ್ನೆ ದಾಟ್ಬುಡ್ತಿದ್ದೆ’ ಎಂದಳು. ಅವಳಿಗೆ ಇಪ್ಪತ್ತೊಂದು. ಲೈಸೆನ್ಸಿಗೆ ವಯಸ್ಸಾಗಿ ಮೂರು ವರ್ಷವಾಗಿದೆ. ಕಂತು ಕಟ್ಟುವ ಸಂಬಳವೂ ಈ ಮನೆಯಲ್ಲಿ ಅವಳದೊಂದೇ. ಅಷ್ಟು ಹೊತ್ತು ನ್ಯಾಯ ಅನ್ಯಾಯ ಮಾತಾಡಿದ ನಮಗೆ ಯಾರಿಗೂ ಅವಳು ಕಂಡಿರಲಿಲ್ಲ. ನನಗೂ. ಬಾಗಿಲು ಆಗ ತೆರೆಯಿತು.

ಆ ರಾತ್ರಿ ಎಲ್ಲ ತೀರ್ಮಾನವಾಯಿತು ಎಂದೇನಲ್ಲ. ಹುಡುಗನಿಗೆ ಕಾರ್ತೀಕದಲ್ಲಿ ಹದಿನೆಂಟು. ಅದಕ್ಕೆ ಮುಂಚೆ ಗಾಡಿ ಮುಟ್ಟುವುದಿಲ್ಲ ಎಂದು ಒಪ್ಪಿದ. ಅಕ್ಕ ಮೊದಲು ಕಲಿಯಬೇಕು, ಎಲ್.ಎಲ್.ಆರ್. ಅವಳದೇ ಮೊದಲು ಎಂದು ಅವ್ವ ಹೇಳಿದಾಗ ಅವನ ಮುಖ ಸಪ್ಪಗಾಯಿತು, ಆದರೆ ಅಡ್ಡ ಮಾತಾಡಲಿಲ್ಲ. ಬೈಕೋ ಸ್ಕೂಟರೋ ಎಂಬ ಜಗಳ ಇನ್ನೂ ನಡೆಯುತ್ತಿದೆ. ಹಳೇ ಗಾಡಿಯೇ ಸಾಕು, ಸಂಘದ ಸಾಲ ಬೇಡ, ಅರ್ಧ ದುಡ್ಡು ನಾನು ಕೊಡುತ್ತೇನೆ ಎಂದೆ. ಕೆರೆ ಏರಿಯ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ. ತಮ್ಮ ಅದನ್ನು ವಾಪಸು ತಗೊಂಡೆ ಅಂತಲೂ ಅನ್ನಲಿಲ್ಲ.

ಮಾರನೇ ದಿನ ಬೆಳಿಗ್ಗೆ ಬಸ್ಸಿಗೆ ಕಳಿಸಲು ಬಂದ. ನಡುಬೀದಿಯಲ್ಲೇ ಬಂದೆವು. ಕಟ್ಟೆಯ ಮೇಲೆ ಇಬ್ಬರು ಕೂತಿದ್ದರು. ‘ಏನ್ ಮೇಷ್ಟ್ರೆ, ಯಾವಾಗ ಬಂದಿದ್ದು’ ಎಂದರು. ನಿನ್ನೆ ಬಂದೆ ಎಂದೆ. ತಮ್ಮ ನನ್ನ ಹಿಂದೆ ಎರಡು ಹೆಜ್ಜೆ ಉಳಿದುಕೊಂಡ. ಟಾರ್ ರಸ್ತೆಗೆ ಬಂದ ಮೇಲೆ ಬೀಡಿ ಹಚ್ಚಿ ಕೇಳಿದ:

‘ಅಣ್ಣ, ಹಿಂದ್ಗಡೆ ಕೂರೋನ್ಗೂ ಹೆಲ್ಮೆಟ್ ಬೇಕಂತಲ್ಲ, ದಿಟವಾ?’

ಹೌದು, ಹಿಂದೆ ಕೂರುವವರಿಗೂ ಬೇಕು ಎಂದೆ. ಯಾಕೆ ಎಂದು ಕೇಳಿದೆ.

‘ಮೊದಲ್ನೆ ಒಂದೆಲ್ಡು ದಿನ ನಾನೇ ಅವ್ನಿಂದೆ ಕೂತ್ಕೊಂಡು ಬೀದಿ ದಾಟ್ಸನ ಅಂತ. ಎಷ್ಟಾದದು ಅದು? ಸಾವ್ರದ ಒಳ್ಗೆ ಬಂದದಾ?’

ಸಾವಿರದೊಳಗೆ ಬರುತ್ತದೆ, ಐ.ಎಸ್.ಐ. ಗುರುತು ಇರೋದನ್ನೇ ತಗೋ ಎಂದೆ. ಅಷ್ಟರಲ್ಲಿ ಬಸ್ಸು ಬಂತು.